ದೃಷ್ಟಿದಾತ ಡಾಕ್ಟರ್ ಎಂ. ಸಿ. ಮೋದಿ

ಪಂಚೇಂದ್ರಿಯಗಳಲ್ಲಿ ನೇತ್ರಕ್ಕೆ ಹಿರಿಯರು ಅಗ್ರಸ್ಥಾನವನ್ನು ಕೊಟ್ಟಿರುವುದು ನಿಷ್ಕಾರಣವಲ್ಲ. ಬೆಟಗೇರಿಯ ನೇಕಾರನು ಮಗ್ಗದಲ್ಲಿ ಹರಿದ ಎಳೆಯನ್ನು ಹುಡುಕಿ ಗಂಟು ಹಾಕುವುದು ಕಣ್ಣಿನ ಬಲದಿಂದ; ಮುಂಡರಗಿ, ಶಿರಹಟ್ಟಿಗಳ ಒಕ್ಕಲಿಗನು ಬೆಳೆಯಾವುದು ಕಳೆಯಾವುದು ಎಂದು ಅರಿಯುವುದು ಕಣ್ಣಿನ ಬಲದಿಂದ; ಲಕ್ಷ್ಮೇಶ್ವರದ ಸಂತೆಯಲ್ಲಿ ತಕ್ಕಡಿಯ ಮುಳ್ಳು ನಿಂತುದನ್ನು ನೋಡಿ ಹಣವೆಣಿಸುವುದೂ ಅದರಿಂದಲೇ. ಕಾಯಕವೇ ಜೀವನವಾದ ನಾಡಿನಲ್ಲಿ ಕಣ್ಣು ಹೋದವನಿಗೆ ಕಾಯಕವೂ ಹೋಗುತ್ತದೆ. ಐವತ್ತು ದಾಟಿದ ಮೇಲೆ ದೃಷ್ಟಿ ಮಸುಕಾಗಿ ಕಟ್ಟೆಯ ಮೇಲೆ ಕುಳಿತ ಮುದುಕರನ್ನು ಕಂಡು, ಅದು ವಯೋಧರ್ಮ, ಅದಕ್ಕೆ ಮದ್ದಿಲ್ಲ ಎಂದು ನಂಬಿದ ಕಾಲವೊಂದಿತ್ತು. ಆ ನಂಬಿಕೆಯನ್ನು ಊರೂರು ತಿರುಗಿ ಕಿತ್ತುಹಾಕಿದವರಲ್ಲಿ ಡಾಕ್ಟರ್ ಮುರಿಗೆಪ್ಪ ಚನ್ನವೀರಪ್ಪ ಮೋದಿಯವರು ಪ್ರಾತಃಸ್ಮರಣೀಯರು.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ, ಅಂದು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದ ಬೀಳಗಿಯಲ್ಲಿ ಅವರು ಜನಿಸಿದರು. 1997ರಲ್ಲಿ ಗದಗ ಜಿಲ್ಲೆಯು ಉದಿಸಿದಾಗಲೇ ಬಾಗಲಕೋಟೆ ಜಿಲ್ಲೆಯೂ ಉದಿಸಿ ಬೀಳಗಿಯು ಅದಕ್ಕೆ ಸೇರಿತು. ಬರಗಾಲ ಬಲ್ಲ ಸೀಮೆ ಅದು. ಬಿಸಿಲು, ಧೂಳು, ಅಪೌಷ್ಟಿಕತೆಗಳಿಂದ ಕಣ್ಣಿನ ಬೇನೆ ಮನೆಮನೆಗೂ ಪರಿಚಿತವಾಗಿತ್ತು. ವೈದ್ಯವೃತ್ತಿಯನ್ನು ಹಿಡಿದ ಮೋದಿಯವರು ನೇತ್ರಚಿಕಿತ್ಸೆಯನ್ನೇ ತಮ್ಮ ವ್ರತವನ್ನಾಗಿ ಸ್ವೀಕರಿಸಿದರು. ಸ್ವಾತಂತ್ರ್ಯದ ಹೋರಾಟವು ಉಚ್ಛ್ರಾಯದಲ್ಲಿದ್ದ 1940ರ ದಶಕದ ಆದಿಯಲ್ಲಿ ಅವರ ಸಂಚಾರವು ಆರಂಭವಾಯಿತು. ಪಟ್ಟಣದಲ್ಲಿ ಔಷಧಾಲಯವನ್ನು ತೆರೆದು ಕುಳಿತಿದ್ದರೆ ಸಂಪತ್ತಿಗೇನೂ ಕೊರತೆಯಾಗುತ್ತಿರಲಿಲ್ಲ. ಆದರೆ ಕುರುಡನು ವೈದ್ಯನಲ್ಲಿಗೆ ಬರಲಾರ; ಅವನನ್ನು ಕರೆತರಲು ಇನ್ನೊಬ್ಬನ ದಿನಗೂಲಿ ಮುರಿಯಬೇಕು. ವೈದ್ಯನೇ ಕುರುಡನಿದ್ದಲ್ಲಿಗೆ ಹೋಗುವುದೊಂದೇ ದಾರಿ ಉಳಿದಿತ್ತು. ಮೋದಿಯವರು ಆ ದಾರಿಯನ್ನು ಹಿಡಿದರು.

ಅವರು ಹೆಚ್ಚಾಗಿ ಚಿಕಿತ್ಸೆ ಮಾಡಿದುದು ಕಣ್ಣಿನ ಪೊರೆಗೆ. ನಮ್ಮ ಕಡೆಯ ಜನ ಇದನ್ನು ಮೋತಿಬಿಂದು ಎನ್ನುತ್ತಾರೆ. ಪಾಪೆಯ ಹಿಂದಿರುವ ಸ್ವಚ್ಛವಾದ ಮಸೂರವು ಮಬ್ಬಾಗಿ ಬೆಳಕನ್ನು ತಡೆಯುವುದೇ ಈ ರೋಗ. ನಮ್ಮ ಪ್ರಾಚೀನರಿಗೆ ಇದು ಅಪರಿಚಿತವಾಗಿರಲಿಲ್ಲ. ದೋಷವು ಕಣ್ಣಿನ ಪಟಲಗಳನ್ನು ಒಂದೊಂದಾಗಿ ಹೊಕ್ಕಂತೆ ತಿಮಿರವು ಬಲಿತು ಲಿಂಗನಾಶವಾಗುವುದೆಂದು ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಹೇಳಿದೆ. ಜವೆಯ ಕಾಳಿನಂತಹ ತುದಿಯುಳ್ಳ ಶಲಾಕೆಯಿಂದ ಮಾಡುವ ಚಿಕಿತ್ಸೆಯೂ ಅಲ್ಲಿದೆ. ಕಾಲಾಂತರದಲ್ಲಿ ಆ ವಿದ್ಯೆಯು ಶಾಸ್ತ್ರವನ್ನು ಬಿಟ್ಟು ಬರಿಯ ಸೂಜಿಯಾಗಿ ಉಳಿಯಿತು. ಸಂತೆ ಜಾತ್ರೆಗಳಲ್ಲಿ ಅಲೆಯುತ್ತಿದ್ದವರು ಪೊರೆಯನ್ನು ಸೂಜಿಯಿಂದ ಕಣ್ಣಿನೊಳಕ್ಕೆ ತಳ್ಳಿ, ರೋಗಿಗೆ ಬೆರಳು ಎಣಿಸಲು ಬಂದೊಡನೆ ಹಣ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಅವರು ಹೋದ ಮೇಲೆ ಕಣ್ಣು ಕೆಂಪಾಗಿ, ಊತವೇರಿ, ಕೀವುಗಟ್ಟಿ ಹೋದ ದೃಷ್ಟಿ ಎಷ್ಟೆಂಬುದಕ್ಕೆ ಲೆಕ್ಕವಿಲ್ಲ.

ಮೋದಿಯವರ ಮಾರ್ಗ ಬೇರೆ. ಮಬ್ಬಾದ ಮಸೂರವನ್ನು ಕಣ್ಣಿನಿಂದ ಹೊರಗೆ ತೆಗೆಯುವುದು ಅವರು ಕೈಗೊಂಡ ಶಸ್ತ್ರಕ್ರಿಯೆ. ಆ ಕಾಲದ ನೇತ್ರಶಿಬಿರಗಳು ಶಾಲೆಯ ಕೊಠಡಿಗಳಲ್ಲಿ, ಛತ್ರಗಳಲ್ಲಿ ನಡೆಯುತ್ತಿದ್ದವು. ಊರಿನ ದಾನಿಗಳು ದವಸವನ್ನು ಕೊಡುತ್ತಿದ್ದರು. ಯುವಕರು ನೀರು ಹೊತ್ತು, ರೋಗಿಗಳ ಕೈಹಿಡಿದು ನಡೆಸುತ್ತಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು ಸಾಲಾಗಿ ಹಾಸಿದ ಚಾಪೆಗಳ ಮೇಲೆ ತಲೆಯಲುಗಿಸದೆ ದಿನಗಟ್ಟಲೆ ಮಲಗಬೇಕಾಗಿತ್ತು. ಪಟ್ಟಿ ಬಿಚ್ಚಿದ ಮೇಲೆ ದಪ್ಪ ಗಾಜಿನ ಕನ್ನಡಕ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿಯವರು 1949ರಲ್ಲಿಯೇ ಕೃತಕ ಮಸೂರವನ್ನು ಕಣ್ಣಿನೊಳಗೆ ಇರಿಸಿದ್ದರೂ ಅದು ನಮ್ಮ ಬಡವರವರೆಗೆ ಬರಲು ಹಲವು ದಶಕಗಳು ಹಿಡಿದವು. ಅಲ್ಲಿಯವರೆಗೆ ಆ ದಪ್ಪ ಕನ್ನಡಕವೇ ಹಳ್ಳಿಗಳಲ್ಲಿ ಮರಳಿ ಬಂದ ದೃಷ್ಟಿಯ ಗುರುತಾಗಿತ್ತು.

ಮೋದಿಯವರ ಶ್ರಮದ ಪರಿಮಾಣವನ್ನು ಗಿನ್ನೆಸ್ ದಾಖಲೆಯ ಗ್ರಂಥವು ಅಂಕೆಗಳಲ್ಲಿ ಹಿಡಿದಿಟ್ಟಿದೆ. 1993ರ ಫೆಬ್ರವರಿಯವರೆಗೆ ಅವರು ಸಂದರ್ಶಿಸಿದ ಗ್ರಾಮಗಳು 46,120. ನೋಡಿದ ರೋಗಿಗಳು 1,21,18,630. ಮಾಡಿದ ಶಸ್ತ್ರಕ್ರಿಯೆಗಳು 6,10,564. ಒಂದೇ ದಿನದಲ್ಲಿ 833 ಪೊರೆಗಳನ್ನು ತೆಗೆದುದೂ ಅಲ್ಲಿ ದಾಖಲಾಗಿದೆ. ಇಪ್ಪತ್ತನಾಲ್ಕು ಗಂಟೆಯೂ ಎಚ್ಚರವಿದ್ದರೂ ಕಣ್ಣೊಂದಕ್ಕೆ ಎರಡು ನಿಮಿಷ ಪೂರ್ತಿ ಸಿಗದು. ಓದುಗರು ಸಾಮಾನ್ಯವಾಗಿ ಈ ಅಂಕೆಯನ್ನು ಕಂಡು ಬೆರಗಾಗಿ ಅಲ್ಲಿಯೇ ನಿಲ್ಲುತ್ತಾರೆ. ಆದರೆ ಅದಕ್ಕಿಂತ ಮೊದಲಿನ ಎರಡು ಅಂಕೆಗಳನ್ನು ಭಾಗಿಸಿ ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಅವರ ಮುಂದೆ ಬಂದು ಕುಳಿತ ಇಪ್ಪತ್ತು ಜನರಲ್ಲಿ ಶಸ್ತ್ರಕ್ರಿಯೆಯು ನಡೆದುದು ಸುಮಾರು ಒಬ್ಬನಿಗೆ. ಉಳಿದ ಹತ್ತೊಂಬತ್ತು ಜನರನ್ನು ನೋಡುವುದೂ ಈ ವೈದ್ಯರ ಕೆಲಸವೇ ಆಗಿತ್ತು, ಮತ್ತು ದಾಖಲೆಯ ಗ್ರಂಥಗಳು ಈ ಕೆಲಸವನ್ನು ಕೊಂಡಾಡುವುದಿಲ್ಲ.

ನೇತ್ರಶಿಬಿರಕ್ಕೆ ಬರುವವರಲ್ಲಿ ಹಲವರಿಗೆ ಕನ್ನಡಕ ಸಾಕು, ಹಲವರಿಗೆ ಮುಲಾಮು ಸಾಕು. ಆದರೆ ಪೊರೆಯಿಲ್ಲದೆ, ಪಾಪೆ ತಿಳಿಯಾಗಿದ್ದೂ ಕಾಣದವರು ಕೆಲವರಿರುತ್ತಾರೆ. ಅವರ ರೋಗವಿರುವುದು ಕಣ್ಣಿನ ಹಿಂಗೋಡೆಗೆ ಅಂಟಿದ ತೆಳು ಪೊರೆಯಲ್ಲಿ. ಅದೇ ಅಕ್ಷಿಪಟಲ, ವೈದ್ಯರ ಮಾತಿನಲ್ಲಿ ರೆಟಿನಾ. ಹೊರಗಿನ ಬೆಳಕು ಚಿತ್ರವಾಗುವುದು ಅಲ್ಲಿ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸರು ಕಣ್ಣಿನೊಳಗನ್ನು ನೋಡುವ ಉಪಕರಣದ ವಿವರವನ್ನು ಪ್ರಕಟಿಸುವವರೆಗೆ ಜೀವಂತ ಮನುಷ್ಯನ ಅಕ್ಷಿಪಟಲವನ್ನು ವೈದ್ಯರು ಸರಿಯಾಗಿ ಕಂಡಿರಲಿಲ್ಲ. ಕಂಡ ಮೇಲೆ ಅದರ ಉರಿಯೂತಗಳು ಒಂದೊಂದಾಗಿ ಹೆಸರು ಪಡೆದವು. 1880ರಲ್ಲಿ ಬರ್ಮಿಂಗ್‌ಹ್ಯಾಮಿನ ಹೆನ್ರಿ ಈಲ್ಸರು ತರುಣರ ಅಕ್ಷಿಪಟಲದಲ್ಲಿ ಮತ್ತೆ ಮತ್ತೆ ರಕ್ತ ಸೋರುವ ವ್ಯಾಧಿಯನ್ನು ವಿವರಿಸಿದರು. ಮುಂದೆ ಅದು ಇಂಗ್ಲೆಂಡಿಗಿಂತ ಭಾರತದಲ್ಲಿಯೇ ಹೆಚ್ಚಾಗಿ ಕಾಣಿಸಿತು. ಕ್ಷಯರೋಗದ ಅಣುಜೀವಿಗೂ ಅದಕ್ಕೂ ಸಂಬಂಧವುಂಟೆಂದು ಸಂಶೋಧಕರು ಬಗೆದರು. ಬೆಕ್ಕಿನ ಮಲದಿಂದ ಹರಡುವ ಸೂಕ್ಷ್ಮಜೀವಿಯೊಂದು ಗರ್ಭಸ್ಥ ಶಿಶುವಿನ ಅಕ್ಷಿಪಟಲವನ್ನು ಸುಟ್ಟು ಕಲೆಯುಳಿಸಬಲ್ಲದೆಂಬುದೂ ತಿಳಿಯಿತು.

ಇಂತಹ ರೋಗಿಗೆ ಪೊರೆ ತೆಗೆಯುವ ಶಸ್ತ್ರವು ನಿರುಪಯುಕ್ತ. ಮೋದಿಯವರು ಸಂಚಾರವನ್ನಾರಂಭಿಸಿದ ದಿನಗಳಲ್ಲಿ ಉರಿಯೂತವನ್ನು ತಗ್ಗಿಸುವ ಸ್ಟೀರಾಯ್ಡ್ ಔಷಧಗಳು ಬಳಕೆಗೇ ಬಂದಿರಲಿಲ್ಲ. ಕಣ್ಣಿನೊಳಗೆ ಹೆಪ್ಪುಗಟ್ಟಿದ ರಕ್ತವನ್ನು ಹೊರತೆಗೆಯುವ ಕ್ರಮವನ್ನು ಅಮೆರಿಕೆಯಲ್ಲಿ ರಾಬರ್ಟ್ ಮಾಕೆಮರರು ರೂಪಿಸಿದುದು 1970ರ ಸುಮಾರಿಗೆ. ಕಣ್ಣಿನ ಒಂದು ಹನಿ ದ್ರವದಿಂದ ಯಾವ ಅಣುಜೀವಿಯ ಕೃತ್ಯವೆಂದು ಗುರುತಿಸುವ ಪರೀಕ್ಷೆ ಇನ್ನೂ ಈಚಿನದು. ಚಾಪೆಯ ಮೇಲೆ ಸರದಿ ಕಾಯುತ್ತ ಕುಳಿತ ಮನುಷ್ಯನಿಗೆ, ನಿನ್ನ ಪಕ್ಕದವನಿಗೆ ಕಣ್ಣು ಬರುತ್ತದೆ, ನಿನಗೆ ಬಾರದು ಎಂಬುದನ್ನು ತಿಳಿಸಬೇಕಾಗಿ ಬರುವುದು ಶಿಬಿರದ ವೈದ್ಯನಿಗೆ ಶಸ್ತ್ರಕ್ರಿಯೆಗಿಂತ ಕಠಿನವಾದ ಕೆಲಸ.

ಇನ್ನೊಂದು ಭಯವೂ ಶಿಬಿರವನ್ನು ಬೆನ್ನಟ್ಟಿಕೊಂಡಿರುತ್ತಿತ್ತು. ಕೊಯ್ದ ಕಣ್ಣಿನೊಳಕ್ಕೆ ಒಂದು ಅಣುಜೀವಿ ನುಸುಳಿದರೂ ಸಾಕು, ಒಳಗಿನ ಗಾಜಿನಂತಹ ದ್ರವವು ಅದಕ್ಕೆ ತಾಯಿಮನೆಯಾಗುತ್ತದೆ. ಎರಡು ಮೂರು ದಿನಗಳಲ್ಲಿ ಕೀವು ತುಂಬಿ ಅಕ್ಷಿಪಟಲವು ನಾಶವಾಗುತ್ತದೆ. ಉಪಕರಣಗಳನ್ನು ಕುದಿಸುವ ಪಾತ್ರೆ, ಕೈತೊಳೆಯುವ ನೀರು, ಹನಿಸುವ ಔಷಧದ ಸೀಸೆ, ಇವುಗಳಲ್ಲಿ ಒಂದು ತಪ್ಪಿದರೆ ಒಬ್ಬನಲ್ಲ, ಆ ದಿನದ ಸಾಲಿನ ಹಲವರು ಇದ್ದ ಮಸುಕು ದೃಷ್ಟಿಯನ್ನೂ ಕಳೆದುಕೊಳ್ಳುತ್ತಾರೆ. ಆದುದರಿಂದ ಒಂದು ದಿನಕ್ಕೆ 833 ಎಂಬ ಸಂಖ್ಯೆಯನ್ನು ಕೈಚಳಕದ ಪ್ರದರ್ಶನವೆಂದು ಹೊಗಳುವುದು ಅಲ್ಪದೃಷ್ಟಿ. ಅಷ್ಟು ಕಣ್ಣುಗಳ ಹೊಣೆಯನ್ನು ಒಬ್ಬ ಮನುಷ್ಯ ಹೊತ್ತನೆಂಬುದು ಅದರ ಭಾರ. ವೇಗವು ಅಪಾಯವನ್ನು ಹೆಚ್ಚಿಸುತ್ತದೆಂಬ ಆಕ್ಷೇಪಣೆಯನ್ನು ತಳ್ಳಿಹಾಕಲಾಗದು. ನಿಧಾನಿಸಿದ್ದರೆ ಸಾಲಿನ ಕೊನೆಯಲ್ಲಿದ್ದವರು ಕುರುಡರಾಗಿಯೇ ಮರಳುತ್ತಿದ್ದರೆಂಬುದೂ ಅಷ್ಟೇ ನಿಜ.

ಶಸ್ತ್ರಕ್ಕೆ ಎಟುಕದ ಕುರುಡುತನಕ್ಕೆ ಗದಗು ನಗರವು ತನ್ನದೇ ಆದ ಉತ್ತರವನ್ನು ಕೊಟ್ಟಿದೆ. ಹುಟ್ಟುಕುರುಡರಾದ ಪಂಚಾಕ್ಷರ ಗವಾಯಿಗಳೂ (1892-1944), ಶೈಶವದಲ್ಲಿಯೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳೂ (1914-2010) ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೆ ಅನ್ನವನ್ನೂ ಸಂಗೀತವನ್ನೂ ನೀಡಿದರು. ಮೋದಿಯವರ ಸೇವೆ ಮುಗಿಯುವ ಗಡಿಯಿಂದ ಈ ಸೇವೆಯು ಆರಂಭವಾಗುತ್ತದೆ.

ಭಾರತ ಸರಕಾರವು ಮೋದಿಯವರಿಗೆ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನಿತ್ತು ಗೌರವಿಸಿತು. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾದಾಗ, ಅವರು ಮೂರು ದಶಕಗಳಿಗೂ ಮಿಕ್ಕಿ ಆ ಕಾರ್ಯವನ್ನು ಮಾಡಿಯಾಗಿತ್ತು. 2005ರ ನವೆಂಬರ್ ತಿಂಗಳಲ್ಲಿ, ತೊಂಬತ್ತರ ಆಸುಪಾಸಿನಲ್ಲಿ, ಅವರು ಇಹಲೋಕವನ್ನು ತ್ಯಜಿಸಿದರು. ಅಷ್ಟರಲ್ಲಿ ಶಿಬಿರದ ಸ್ವರೂಪವೂ ಬದಲಾಗಿತ್ತು. ಸೋಂಕಿನ ಭಯದಿಂದ ಶಾಲೆಯ ಕೊಠಡಿಯಲ್ಲಿ ಕಣ್ಣು ಕೊಯ್ಯುವ ಪದ್ಧತಿಯನ್ನು ಕೈಬಿಡಲಾಯಿತು. ಹಳ್ಳಿಯಲ್ಲಿ ಈಗ ನಡೆಯುವುದು ತಪಾಸಣೆ ಮಾತ್ರ. ಪೊರೆ ಕಂಡವರನ್ನು ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಕೃತಕ ಮಸೂರವನ್ನಿರಿಸಿ ಮರಳಿ ಊರಿಗೆ ತಂದು ಬಿಡುತ್ತಾರೆ. ಅಕ್ಷಿಪಟಲದ ರೋಗವಿದ್ದವರ ಚೀಟಿಯನ್ನು ಬೇರೆಯಾಗಿ ಬರೆದು ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ.