ಬೀಗಗಾರನ ಮಗ ಜಾರ್ಜ್ ಸೈಮನ್ ಓಮ್

ಬಿಜಲಿಯಿಲ್ಲದೆ ಇಂದು ಹೋಟೆಲೂ ನಡೆಯದು, ಕಚೇರಿಯೂ ನಡೆಯದು. ಇಸ್ತ್ರಿಪೆಟ್ಟಿಗೆ, ಗೀಸರ್, ಗ್ರೈಂಡರ್, ಫ್ರಿಜ್ ಮೊದಲಾದುವುಗಳ ಬೆನ್ನಿಗೆ ಒಂದು ಸಣ್ಣ ತಗಡು ಅಂಟಿರುವುದು. ಅದರ ಮೇಲೆ ವೋಲ್ಟ್, ಆಂಪಿಯರ್, ವಾಟ್ ಎಂಬ ಅಂಕೆಗಳಿರುವುವು. ನಿತ್ಯವೂ ನೋಡುತ್ತೇವೆ, ಓದದೆ ಬಿಡುತ್ತೇವೆ. ಆ ಅಂಕೆಗಳ ನಡುವಣ ನಂಟನ್ನು ಅರಿಯಲು ತಳಹದಿ ಹಾಕಿಕೊಟ್ಟವನು ಜರ್ಮನಿಯ ಒಬ್ಬ ಶಾಲಾ ಉಪಾಧ್ಯಾಯನೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿಯದು.

ಜಾರ್ಜ್ ಸೈಮನ್ ಓಮ್ ಹುಟ್ಟಿದುದು 1789ನೆಯ ಇಸವಿ ಮಾರ್ಚ್ 16ರಂದು, ಎರ್ಲಾಂಗೆನ್ ಪಟ್ಟಣದಲ್ಲಿ. ತಂದೆಯ ಕಸಬು ಬೀಗ ಮಾಡುವುದು. ತಾಯಿ ದರ್ಜಿಯೊಬ್ಬನ ಮಗಳು. ಏಳು ಮಕ್ಕಳಲ್ಲಿ ಬದುಕಿ ಉಳಿದವರು ಮೂವರೇ. ಜಾರ್ಜನಿಗೆ ಹತ್ತು ವರ್ಷವಾದಾಗ ತಾಯಿಯೂ ತೀರಿಕೊಂಡಳು. ತಂದೆಗೆ ಶಾಲೆಯ ಓದಿರಲಿಲ್ಲ. ಆದರೆ ದುಡಿಮೆಯ ನಡುವೆ ತಾನಾಗಿ ಗಣಿತವನ್ನೂ ಶಾಸ್ತ್ರಗಳನ್ನೂ ಕಲಿತುಕೊಂಡಿದ್ದನು. ಕಲಿತುದನ್ನು ಮಕ್ಕಳಿಬ್ಬರಿಗೆ ತಾನೇ ಧಾರೆಯೆರೆದನು. ಕಿರಿಯವನಾದ ಮಾರ್ಟಿನ್ ಮುಂದೆ ಹೆಸರಾಂತ ಗಣಿತಜ್ಞನಾದನು.

1805ರಲ್ಲಿ ಜಾರ್ಜ್ ಎರ್ಲಾಂಗೆನ್ ವಿಶ್ವವಿದ್ಯಾಲಯವನ್ನು ಸೇರಿದನು. ಅಲ್ಲಿ ಅವನ ಮನಸ್ಸು ಪುಸ್ತಕಕ್ಕಿಂತ ಹೆಚ್ಚಾಗಿ ಕುಣಿತ, ಬಿಲಿಯರ್ಡ್ಸ್ ಆಟ, ಮಂಜುಗಡ್ಡೆಯ ಮೇಲಣ ಜಾರಾಟಗಳ ಕಡೆಗೆ ಹರಿಯಿತು. ಬೆವರು ಸುರಿಸಿ ಓದಿಸುತ್ತಿದ್ದ ತಂದೆ ಸಿಟ್ಟಿಗೆದ್ದು ಮಗನನ್ನು ಕಾಲೇಜಿನಿಂದ ಬಿಡಿಸಿಬಿಟ್ಟನು. ಹದಿನೇಳರ ಹುಡುಗನು 1806ರಲ್ಲಿ ಸ್ವಿಟ್ಜರ್ಲೆಂಡಿನ ಶಾಲೆಯೊಂದಕ್ಕೆ ಗಣಿತದ ಉಪಾಧ್ಯಾಯನಾಗಿ ಹೋಗಬೇಕಾಯಿತು. ಪರಸ್ಥಳದ ಬಾಳು ಅವನನ್ನು ತಿದ್ದಿತು. ಪಾಠ ಹೇಳುತ್ತಲೇ ಓದಿ, 1811ರಲ್ಲಿ ಊರಿಗೆ ಮರಳಿ ಡಾಕ್ಟರೇಟ್ ಪದವಿಯನ್ನು ಪಡೆದನು. ಪದವಿ ಬಂದರೂ ತಕ್ಕ ಹುದ್ದೆ ಬರಲಿಲ್ಲ. ಬ್ಯಾಂಬರ್ಗಿನ ಶಾಲೆಯೊಂದರಲ್ಲಿ ಕೆಲವು ವರ್ಷ ದುಡಿದು, 1817ರಲ್ಲಿ ಕೊಲೋನ್ ನಗರದ ಪ್ರೌಢಶಾಲೆಯನ್ನು ಸೇರಿದನು.

ಆ ಶಾಲೆಯಲ್ಲಿ ಒಂದು ಒಳ್ಳೆಯ ಪ್ರಯೋಗಶಾಲೆಯಿತ್ತು. ಪಾಠದ ಹೊತ್ತು ಮುಗಿದ ಬಳಿಕ ಓಮನು ಅಲ್ಲಿ ತಂತಿಗಳೊಡನೆ ಕೂಡುತ್ತಿದ್ದನು. ವಿದ್ಯುತ್ತು ತಂತಿಯಲ್ಲಿ ಹರಿಯುವುದನ್ನು ಆ ಕಾಲದ ವಿದ್ವಾಂಸರೆಲ್ಲರೂ ಬಲ್ಲರು. ಎಷ್ಟು ಹರಿಯುವುದು, ಯಾವ ಲೆಕ್ಕದಲ್ಲಿ ಹರಿಯುವುದು ಎಂಬುದನ್ನು ಖಚಿತವಾಗಿ ಹೇಳುವವರಿರಲಿಲ್ಲ. ಅವನು 1825ರಲ್ಲಿ ಪ್ರಕಟಿಸಿದ ಮೊದಲ ಸೂತ್ರ ಸರಿಯಾಗಿರಲಿಲ್ಲ. ಅಂದಿನ ಬ್ಯಾಟರಿಗಳ ಬಲ ಕ್ಷಣಕ್ಷಣಕ್ಕೂ ಏರಿಳಿಯುತ್ತಿತ್ತು. ಆಗ ವಿಜ್ಞಾನಿ ಪೊಗೆನ್ಡಾರ್ಫನು ಒಂದು ಉಪಾಯವನ್ನು ಸೂಚಿಸಿದನು. ಅದರಂತೆ ಓಮನು ಬಿಸ್ಮತ್ ಮತ್ತು ತಾಮ್ರಗಳನ್ನು ಜೋಡಿಸಿ, ಒಂದು ಬೆಸುಗೆಯನ್ನು ಕುದಿಯುವ ನೀರಿನ ಶಾಖದಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿದನು. ಶಾಖದ ಅಂತರ ಬದಲಾಗದುದರಿಂದ ಏರಿಳಿತವಿಲ್ಲದ ವಿದ್ಯುದ್ಬಲ ದೊರಕಿತು. ಬೇರೆ ಬೇರೆ ಉದ್ದದ ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ತೂಗುಬಿಟ್ಟ ಅಯಸ್ಕಾಂತದ ಸೂಜಿ ಎಷ್ಟು ತಿರುಗುವುದೆಂದು ಅಳೆದನು.

ಅವನು ಕಂಡ ಸತ್ಯವನ್ನು ಮಾಳಿಗೆಯ ನೀರಿನ ಟಾಂಕಿಯ ಹೋಲಿಕೆಯಿಂದ ತಿಳಿಯಬಹುದು. ಟಾಂಕಿ ಎತ್ತರದಲ್ಲಿದ್ದಷ್ಟೂ ನೀರು ರಭಸದಿಂದ ಬರುವುದು. ಕೊಳವೆ ಸಣ್ಣದಾಗಿ ಉದ್ದವಾದಷ್ಟೂ ಕಡಿಮೆ ಬರುವುದು. ಆ ಎತ್ತರದಂತೆ ವೋಲ್ಟು, ಹರಿವಿನಂತೆ ಆಂಪಿಯರ್, ಕೊಳವೆಯ ತಡೆಯಂತೆ ತಂತಿಯ ರೋಧ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಬರುವುದೇ ರೋಧ. ಇದೇ ಓಮನ ನಿಯಮ.

ಬರೆಯುವುದಕ್ಕಾಗಿ ಅರ್ಧ ಸಂಬಳದ ಮೇಲೆ ಒಂದು ವರ್ಷ ರಜೆ ಪಡೆದು, ಬರ್ಲಿನ್ನಿಗೆ ಹೋಗಿ, 1827ರಲ್ಲಿ ತನ್ನ ಗ್ರಂಥವನ್ನು ಹೊರತಂದನು. ಇದರಿಂದ ವಿಶ್ವವಿದ್ಯಾಲಯದಲ್ಲಿ ಸ್ಥಾನ ದೊರೆಯುವುದೆಂದು ಅವನ ಆಸೆ. ಆದರೆ ಗಣಿತದಿಂದ ತುಂಬಿದ ಆ ಗ್ರಂಥವನ್ನು ಬಹುಮಂದಿ ಉಪೇಕ್ಷಿಸಿದರು, ಕೆಲವರು ಹಳಿದರು. ಮನನೊಂದ ಓಮನು 1828ರಲ್ಲಿ ಕೊಲೋನಿನ ಕೆಲಸವನ್ನು ಬಿಟ್ಟನು. ಮುಂದಿನ ಐದಾರು ವರ್ಷ ಬರ್ಲಿನ್ನಿನಲ್ಲಿ ಅಲ್ಪ ಸಂಪಾದನೆಯ ಪಾಠಗಳಲ್ಲಿ ಕಳೆದುವು. 1833ರಲ್ಲಿ ನ್ಯೂರೆಂಬರ್ಗಿನ ಪಾಲಿಟೆಕ್ನಿಕ್ ಶಾಲೆ ಅವನನ್ನು ಕರೆಯಿತು. ಹೊರನಾಡಿನಿಂದಲೂ ಮನ್ನಣೆ ಬಂದಿತು: 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕೋಪ್ಲೆ ಪದಕವನ್ನಿತ್ತಿತು. ಹಂಬಲಿಸಿದ ಭೌತಶಾಸ್ತ್ರದ ಪೀಠ ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಿದಾಗ 1852 ಆಗಿತ್ತು, ವಯಸ್ಸು ಅರುವತ್ತಮೂರು. ಎರಡೇ ವರ್ಷಗಳ ಮೇಲೆ, 1854ರ ಜುಲೈ 6ರಂದು, ಅವಿವಾಹಿತನಾಗಿಯೇ ಕಣ್ಮುಚ್ಚಿದನು. 1881ರಲ್ಲಿ ಪ್ಯಾರಿಸಿನಲ್ಲಿ ಕೂಡಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ರೋಧದ ಅಳತೆಗೆ ಓಮ್ ಎಂಬ ಹೆಸರನ್ನೇ ಒಪ್ಪಿತು.

ಇನ್ನು ಈ ನಿಯಮದಿಂದ ನಮಗಾಗುವ ಪ್ರಯೋಜನ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟು. ನೀರು ಕಾಯಿಸುವ ಸಾಧನವೊಂದು 10 ಆಂಪಿಯರ್ ಎಳೆಯುವುದೆನ್ನೋಣ. 230ನ್ನು 10ರಿಂದ ಭಾಗಿಸಿದರೆ ಅದರ ರೋಧ 23 ಓಮ್. 230ನ್ನು 10ರಿಂದ ಗುಣಿಸಿದರೆ ಅದರ ಶಕ್ತಿ 2300 ವಾಟ್. ಸಾವಿರ ವಾಟ್ ಒಂದು ತಾಸು ಉರಿದರೆ ಒಂದು ಯೂನಿಟ್. ಆದುದರಿಂದ ಇದು ತಾಸಿಗೆ 2.3 ಯೂನಿಟ್ ತಿನ್ನುವುದು. ಕಾಯಿಸುವ ಸಾಧನಗಳಿಗೆ ಈ ಲೆಕ್ಕ ನೇರವಾಗಿ ಸಲ್ಲುವುದು. ಮೋಟಾರುಗಳಿಗೆ ಸ್ವಲ್ಪ ವ್ಯತ್ಯಾಸವುಂಟು.

ಗೋಡೆಯ ಸಣ್ಣ ಪ್ಲಗ್ಗು 6 ಆಂಪಿಯರಿನದು. ಅದು ತಾಳುವುದು 1380 ವಾಟ್ ಮಾತ್ರ. ಅದಕ್ಕೆ ಈ ಸಾಧನವನ್ನು ಸಿಕ್ಕಿಸುವುದೆಂದರೆ ಬೆಂಕಿಯನ್ನು ಕರೆದಂತೆ. ಓಮನು ಬದುಕಿರುವಾಗಲೇ ಇಂಗ್ಲೆಂಡಿನ ಜೂಲ್ ತೋರಿಸಿಕೊಟ್ಟಂತೆ, ಅದೇ ತಂತಿಯಲ್ಲಿ ಪ್ರವಾಹ ಇಮ್ಮಡಿಯಾದರೆ ಹುಟ್ಟುವ ಶಾಖ ನಾಲ್ಮಡಿಯಾಗುವುದು. ಹತ್ತು ಜನ ಮಲಗುವ ಕೋಣೆಯಲ್ಲಿ ಒಂದೇ ಪ್ಲಗ್ಗಿಗೆ ಮೂರು ಸಾಧನಗಳನ್ನು ಹೂಡುವ ಮೊದಲು ಅವುಗಳ ತಗಡುಗಳನ್ನು ಓದಿ ವಾಟುಗಳನ್ನು ಕೂಡಿಸಿ ನೋಡಬೇಕು. ಅದಕ್ಕೆ ದೊಡ್ಡ ಪದವಿ ಬೇಡ. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಬೀಗಗಾರನ ಮಗನು ವರ್ಷಗಟ್ಟಲೆ ತಂತಿಗಳನ್ನು ಅಳೆದು ಗಳಿಸಿದ ಈ ಅರಿವು, ಒಂದು ತಗಡನ್ನು ಓದುವಷ್ಟು ತಾಳ್ಮೆಯುಳ್ಳ ಯಾರಿಗಾದರೂ ಇಂದು ಸಲ್ಲುವ ಸೊತ್ತು.