ಮುದಿ ವಯಸ್ಸಿನಲ್ಲಿ ಗುಲ್ಬರ್ಗಾಕ್ಕೆ ಬಂದ ಖಾಜಾ

ತಿಪಟೂರು, ತುರುವೇಕೆರೆ ಕಡೆಯ ಹಳೇ ಮನೆಗಳಲ್ಲಿ ಕಾಯಿ ಹಾಕಲು ಅಂತಲೇ ಅಟ್ಟ ಇರುತ್ತದೆ. ಕಾಯಿ ಅಲ್ಲಿ ಹತ್ತು ಹನ್ನೊಂದು ತಿಂಗಳು ಮಲಗಿ, ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗ್ತದೆ. ಕರಾವಳಿಯಿಂದ ಬಂದ ನಾವು ಇದನ್ನು ನೋಡಿದ್ದು ಇಲ್ಲಿ ಮದ್ರಸದಲ್ಲಿ ಕಲಿಸಲು ಸೇರಿದ ಮೇಲೆಯೇ. ಕಾಯುವುದು ಇಲ್ಲಿಯವರಿಗೆ ಹೊಸತಲ್ಲ. ಆದರೂ ಕೊಳವೆಬಾವಿ ಬತ್ತಿ, ಸುಳಿ ಒಣಗಿದ ಮರ ನೋಡಿ ಕಂಗೆಟ್ಟವರಿದ್ದಾರೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು ತೋಟದಲ್ಲಿ ಸತ್ತ ಮರ ಕಡಿಸಿ, ಬೇರು ಕಿತ್ತ ಗುಂಡಿಗಳನ್ನು ಹಾಗೇ ಬಿಟ್ಟಿದ್ದರು. ಸಸಿ ಇಟ್ಟರೆ ಫಲಕ್ಕೆ ಆರೇಳು ವರ್ಷ ಬೇಕು, ಅಷ್ಟರಲ್ಲಿ ತಾನು ಎಲ್ಲಿರ್ತೇನೋ ಎಂಬುದು ಅವರ ಮಾತು. ದುನಿಯಾ ಶಾಶ್ವತವಲ್ಲ ಅಂತ ಕಲಿಸುವವರು ನಾವೇ ತಾನೇ? ಏನು ಉತ್ತರ ಕೊಡೋದು ಅಂತ ತೋಚಲಿಲ್ಲ. ಆಮೇಲೆ ನೆನಪಾದವರು ಹಜ್ರತ್ ಖಾಜಾ ಬಂದೇ ನವಾಝ್ (ರ).

ಅವರ ಹೆಸರು ಸಯ್ಯಿದ್ ಮುಹಮ್ಮದ್ ಹುಸೈನಿ. ಉದ್ದ ಕೂದಲಿನವರು ಎಂಬ ಅರ್ಥದಲ್ಲಿ ಗೇಸೂದರಾಝ್ ಅಂತಲೂ ಕರೆಯುತ್ತಾರೆ. ಹುಟ್ಟಿದ್ದು 1321ರಲ್ಲಿ ದಿಲ್ಲಿಯಲ್ಲಿ. ಏಳರ ಆಸುಪಾಸಿನ ಮಗುವಾಗಿದ್ದಾಗಲೇ ಮನೆ ಬಿಡಬೇಕಾಯಿತು. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ಎತ್ತಿದಾಗ ತಂದೆ ಸಂಸಾರ ಕಟ್ಟಿಕೊಂಡು ಅಲ್ಲಿಗೆ ಹೋದರು. ಆ ಊರಲ್ಲೇ ತಂದೆಯ ವಫಾತ್ ಆಯಿತು. ರಾಜಧಾನಿಯೂ ಅಲ್ಲಿ ನಿಲ್ಲಲಿಲ್ಲ. ಹುಡುಗ ಹದಿನೈದರ ಹೊತ್ತಿಗೆ ತಾಯಿಯ ಜೊತೆ ದಿಲ್ಲಿಗೆ ವಾಪಸು.

ಅಲ್ಲಿ ಹಜ್ರತ್ ನಸೀರುದ್ದೀನ್ ಚಿರಾಗ್ ದೆಹ್ಲವಿಯವರ (ರ) ಮುರೀದ್ ಆದರು. 1356ರಲ್ಲಿ ಗುರುಗಳು ಕಣ್ಮುಚ್ಚಿದರು. ಹಜ್ರತ್ ನಿಝಾಮುದ್ದೀನ್ ಔಲಿಯಾರಿಂದ (ರ) ಬಂದ ಜುಬ್ಬಾ, ಕೋಲು ಮುಂತಾದ ತಬರ್ರುಕ್‌ಗಳನ್ನು ಯಾರಿಗೂ ಕೊಡಲಿಲ್ಲ. ಅವರ ಇಚ್ಛೆಯಂತೆ ಅವರ ಜೊತೆಯೇ ಕಬರಿಗೆ ಹೋದವು. ಶಿಷ್ಯರ ಕೈಯಲ್ಲಿ ಉಳಿದದ್ದು ಕಲಿತ ವಿದ್ಯೆ ಮಾತ್ರ. ನಮಗೆ ಈ ಸಂಗತಿ ಎಷ್ಟು ಓದಿದರೂ ಸಾಲದು. ಖಾಜಾ ಮುಂದೆ ನಲವತ್ತಕ್ಕೂ ಹೆಚ್ಚು ವರ್ಷ ದಿಲ್ಲಿಯಲ್ಲಿ ಕಲಿಸಿದರು.

1398ರಲ್ಲಿ ತೈಮೂರನ ಸೈನ್ಯ ಬರುತ್ತಿದೆ ಎಂಬ ಸುದ್ದಿ ಬಂತು. ಖಾಜಾರಿಗೆ ಆಗ ಎಪ್ಪತ್ತೇಳು. ಮನೆಮಂದಿ, ಶಿಷ್ಯರ ಜೊತೆ ಊರು ಬಿಟ್ಟರು. ಆ ವರ್ಷದ ಡಿಸೆಂಬರಿನಲ್ಲಿ ದಿಲ್ಲಿ ಲೂಟಿಯಾಯಿತು, ಜನರ ಮಾರಣಹೋಮ ನಡೆಯಿತು. ಖಾಜಾರ ದಾರಿ ಗ್ವಾಲಿಯರ್, ಗುಜರಾತ್ ದಾಟಿ ದೌಲತಾಬಾದ್ ಕಡೆ ಸಾಗಿತು. ಮಂಗಳೂರಿಂದ ತಿಪಟೂರಿಗೆ ಬಸ್ಸಲ್ಲಿ ಬಂದರೇ ನಮಗೆ ಸೊಂಟ ಹಿಡೀತದೆ! ತಂದೆಯ ಕಬರನ್ನು ಝಿಯಾರತ್ ಮಾಡಿ, ದಖ್ಖನ್ನಿನಲ್ಲಿ ಮುಂದುವರಿದು ಗುಲ್ಬರ್ಗಾ ತಲುಪಿದರು. ಬಹಮನಿ ಸುಲ್ತಾನ್ ಫಿರೋಝ್ ಶಾ ಗೌರವದಿಂದ ಬರಮಾಡಿಕೊಂಡ.

ಹೋದ ದಿಲ್ಲಿಯನ್ನು ನೆನೆದು ಮೂಲೆ ಸೇರಬಹುದಿತ್ತು. ಸೇರಲಿಲ್ಲ. ಗೊತ್ತಿಲ್ಲದ ನೆಲದಲ್ಲಿ, ಹೊಸ ಮುತಅಲ್ಲಿಮರಿಗೆ ದರ್ಸ್ ಶುರುವಾಯಿತು, ಕಿತಾಬುಗಳ ಬರವಣಿಗೆ ಮುಂದುವರಿಯಿತು. ಇಲ್ಲಿಯೂ ನೆಮ್ಮದಿ ಪೂರಾ ಸಿಕ್ಕಿತು ಅಂತೇನಿಲ್ಲ. ಸುಲ್ತಾನನ ಜೊತೆ ಮನಸ್ತಾಪ ಬಂದು, ಕೋಟೆ ಹತ್ತಿರದ ಖಾನ್‌ಖಾ ಬಿಟ್ಟು ಬೇರೆ ಜಾಗಕ್ಕೆ ಹೋಗಬೇಕಾಯಿತು. ಹಿರಿಯ ಮಗ ಅಕ್ಬರ್ ಹುಸೈನಿ, ಅವರೂ ಆಲಿಂ, ತಂದೆಯ ಕಣ್ಣೆದುರೇ ತೀರಿಕೊಂಡರು. ಇಳಿವಯಸ್ಸಿನಲ್ಲಿ ಬೆಳೆದ ಮಗನ ಮಯ್ಯತ್ ಕಳಿಸುವ ತಂದೆಯ ಸಂಕಟ ಬೇರೆಯವರಿಗೆ ತಿಳಿಯೋದಲ್ಲ. ಅದಾದ ಮೇಲೂ ದರ್ಸ್ ನಿಲ್ಲಲಿಲ್ಲ.

1422ರ ನವೆಂಬರಿನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ಅವರ ವಫಾತ್. ಅದೇ ವರ್ಷ ಫಿರೋಝ್ ಶಾ ಕೂಡ ತೀರಿಹೋಗಿದ್ದ. ಕೆಲವೇ ವರ್ಷಗಳಲ್ಲಿ ಅಹ್ಮದ್ ಶಾ ರಾಜಧಾನಿಯನ್ನು ಬೀದರಿಗೆ ಒಯ್ದ. ದೌಲತಾಬಾದ್, ದಿಲ್ಲಿ ಆದ ಮೇಲೆ ಗುಲ್ಬರ್ಗಾದ ಸರದಿ. ದರ್ಗಾಕ್ಕೆ ಮಾತ್ರ ಈಗಲೂ ಪ್ರತಿ ಝುಲ್‌ಕಅದ್ ತಿಂಗಳಲ್ಲಿ ಉರೂಸಿಗೆ ಜನ ಸೇರುತ್ತಾರೆ.

ಒಂದು ದಿನ ಅಸರ್ ಆದ ಮೇಲೆ ಆ ಹಿರಿಯರಿಗೆ ಇಷ್ಟನ್ನೂ ಹೇಳಿದೆವು. ಗುಲ್ಬರ್ಗಾಕ್ಕೆ ಬಂದ ಮೇಲೆ ಎಷ್ಟು ವರ್ಷ ಇದ್ದರು ಎಂದು ಮಾತ್ರ ಕೇಳಿದರು. ಇಪ್ಪತ್ತರ ಹತ್ತಿರ ಹತ್ತಿರ ಎಂದೆವು. ಸ್ವಲ್ಪ ಹೊತ್ತು ಬೆರಳು ಮಡಚಿ ಲೆಕ್ಕ ಹಾಕಿದರು. ಮಳೆಗೆ ಮುಂಚೆ ಗುಂಡಿಗಳಿಗೆ ಕೆರೆಗೋಡು ಹೊಡೆಸಬೇಕು ಎಂದಷ್ಟೇ ಹೇಳಿ ಎದ್ದು ಹೋದರು.