ಡಾ. ಆನಂದ ಕೆ. ಕುಮಾರಸ್ವಾಮಿ (1877–1947): ಥೋರಿಯನೈಟ್ ಖನಿಜವನ್ನು ಬೆಳಕಿಗೆ ತಂದ ಭೂವಿಜ್ಞಾನಿ

ಭಾರತೀಯ ಶಿಲ್ಪ, ಚಿತ್ರಕಲೆ ಮತ್ತು ದರ್ಶನಗಳ ವ್ಯಾಖ್ಯಾನಕಾರರೆಂದು ಜಗತ್ಪ್ರಸಿದ್ಧರಾದ ಡಾ. ಆನಂದ ಕೆಂಟಿಶ್ ಕುಮಾರಸ್ವಾಮಿ ಅವರು ವೃತ್ತಿಜೀವನವನ್ನು ಆರಂಭಿಸಿದ್ದು ಭೂವಿಜ್ಞಾನಿಯಾಗಿ. ಪೆಗ್ಮಟೈಟ್ ಶಿಲೆಗಳಲ್ಲಿ ಹುಟ್ಟುವ ಥೋರಿಯನೈಟ್ ಎಂಬ ಅಪರೂಪದ ಆಕ್ಸೈಡ್ ಖನಿಜವು ವಿಜ್ಞಾನ ಲೋಕಕ್ಕೆ ಪರಿಚಯವಾದದ್ದು 1904ರಲ್ಲಿ, ಅವರು ಸಿಂಹಳದ (ಇಂದಿನ ಶ್ರೀಲಂಕಾ) ಖನಿಜ ಸಮೀಕ್ಷೆಯ ನಿರ್ದೇಶಕರಾಗಿದ್ದಾಗ. ಅವರ ಕಲಾಗ್ರಂಥಗಳನ್ನು ಬಲ್ಲ ಅನೇಕ ಓದುಗರಿಗೆ ಈ ಸಂಗತಿ ತಿಳಿದಿರುವುದಿಲ್ಲ. ಖನಿಜಗಳನ್ನು ಅರಸುತ್ತ ಆ ದ್ವೀಪದ ಹಳ್ಳಿಗಳನ್ನು ಸುತ್ತಿದ ವರ್ಷಗಳೇ ಅವರನ್ನು ಕ್ರಮೇಣ ಭೂವಿಜ್ಞಾನದಿಂದ ದೂರಕ್ಕೆ ಕರೆದೊಯ್ದವು.

ಜನನ ಮತ್ತು ವಿದ್ಯಾಭ್ಯಾಸ

ಕುಮಾರಸ್ವಾಮಿ ಅವರು 1877ರ ಆಗಸ್ಟ್ 22ರಂದು ಕೊಲಂಬೊ ನಗರದಲ್ಲಿ ಜನಿಸಿದರು. ತಂದೆ ಸರ್ ಮುತ್ತು ಕುಮಾರಸ್ವಾಮಿ ಅವರು ತಮಿಳು ಮನೆತನದ ನ್ಯಾಯವಾದಿಗಳು, ಸಿಂಹಳದ ಶಾಸನ ಸಭೆಯ ಸದಸ್ಯರು. ಹರಿಶ್ಚಂದ್ರನ ಕಥೆಯನ್ನುಳ್ಳ ತಮಿಳು ನಾಟಕವನ್ನು ಇಂಗ್ಲಿಷಿಗೆ ಭಾಷಾಂತರಿಸಿದ ವಿದ್ವಾಂಸರು. ತಾಯಿ ಎಲಿಜಬೆತ್ ಬೀಬಿ ಅವರು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದವರು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ, 1879ರಲ್ಲಿ, ತಂದೆ ತೀರಿಕೊಂಡರು. ಆದ್ದರಿಂದ ಆನಂದರ ಬಾಲ್ಯವೆಲ್ಲವೂ ತಾಯಿಯೊಡನೆ ಇಂಗ್ಲೆಂಡಿನಲ್ಲಿಯೇ ಕಳೆಯಿತು.

ಗ್ಲಾಸ್ಟರ್‌ಷೈರ್‌ನ ವಿಕ್ಲಿಫ್ ಶಾಲೆಯಲ್ಲಿ ಓದುತ್ತಿದ್ದಾಗಲೇ ಅವರು ಸಮೀಪದ ಗುಡ್ಡವೊಂದರ ಶಿಲಾರಚನೆಯನ್ನು ಕುರಿತು ಶಾಲೆಯ ಪತ್ರಿಕೆಗೆ ಲೇಖನ ಬರೆದರು. 1900ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಿಂದ ಭೂವಿಜ್ಞಾನ ಮತ್ತು ಸಸ್ಯವಿಜ್ಞಾನಗಳಲ್ಲಿ ಪ್ರಥಮ ದರ್ಜೆಯ ಪದವಿ ಪಡೆದರು. ಅದೇ ವರ್ಷ ಸಿಂಹಳದ ಶಿಲೆಗಳು ಹಾಗೂ ಗ್ರಾಫೈಟ್ ಕುರಿತ ಅವರ ಪ್ರಬಂಧವು ಲಂಡನ್ನಿನ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. 1903ರಲ್ಲಿ ಸಿಂಹಳದ ಖನಿಜ ಸಮೀಕ್ಷೆಯ ನಿರ್ದೇಶಕರಾದಾಗ ಅವರಿಗೆ ಇನ್ನೂ ಇಪ್ಪತ್ತಾರರ ಪ್ರಾಯ.

ಥೋರಿಯನೈಟ್: ದೊರೆತ ಬಗೆ ಮತ್ತು ಗುಣಲಕ್ಷಣಗಳು

ಗ್ರಾನೈಟ್ ಶಿಲಾರಸವು ತಣಿದು ಗಟ್ಟಿಯಾಗುವಾಗ ಕೊನೆಯಲ್ಲಿ ಉಳಿಯುವ ನೀರಿನಂಶದ ರಸವು ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ನುಗ್ಗಿ, ದೊಡ್ಡ ದೊಡ್ಡ ಹರಳುಗಳ ಪಟ್ಟೆಯಾಗಿ ಹೆಪ್ಪುಗಟ್ಟುತ್ತದೆ. ಇದೇ ಪೆಗ್ಮಟೈಟ್. ವಿದುರಾಶ್ವತ್ಥ, ಗೌರಿಬಿದನೂರು, ಚಿಕ್ಕಬಳ್ಳಾಪುರ ಭಾಗದ ಬಂಡೆಗಳಲ್ಲಿ ಬೂದು ಕಲ್ಲನ್ನು ಸೀಳಿಕೊಂಡು ಹೋಗುವ ಬಿಳಿ ಅಥವಾ ನಸುಗೆಂಪು ಪಟ್ಟೆಗಳನ್ನು ಕಂಡವರಿಗೆ ಇದರ ಸ್ವರೂಪ ಹೊಸದಲ್ಲ. ಬಹುಪಾಲು ಪಟ್ಟೆಗಳಲ್ಲಿ ಬೆಣಚುಕಲ್ಲು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕ ಇವಿಷ್ಟೇ ಇರುತ್ತವೆ. ಸಾಮಾನ್ಯ ಖನಿಜಗಳ ರಚನೆಯಲ್ಲಿ ಸ್ಥಾನ ದೊರೆಯದ ಥೋರಿಯಂ, ಯುರೇನಿಯಂ, ನಯೋಬಿಯಂ, ಟಾಂಟಲಂ ಮುಂತಾದ ಧಾತುಗಳು ಕೊನೆಯ ರಸದಲ್ಲಿ ಸಾಂದ್ರಗೊಂಡಿದ್ದರೆ ಮಾತ್ರ ಅಪರೂಪದ ಖನಿಜಗಳು ರೂಪುಗೊಳ್ಳುತ್ತವೆ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಪೆಗ್ಮಟೈಟ್‌ಗಳಲ್ಲಿ ಕೊಲಂಬೈಟ್–ಟಾಂಟಲೈಟ್ ಹಾಗೂ ಲಿಥಿಯಂ ಖನಿಜಗಳಿರುವುದು ಇದಕ್ಕೆ ನಮ್ಮ ರಾಜ್ಯದ ನಿದರ್ಶನ. ಅಲ್ಲಿ ಸುಮಾರು 1,600 ಟನ್ ಲಿಥಿಯಂ ಇರಬಹುದೆಂಬ ಪ್ರಾಥಮಿಕ ಅಂದಾಜನ್ನು ಕೇಂದ್ರ ಸರ್ಕಾರವು 2021ರಲ್ಲಿ ಪ್ರಕಟಿಸಿತು.

ಸಿಂಹಳದಲ್ಲಿ ಈ ಖನಿಜವು ಮೊದಲು ಕಂಡುಬಂದದ್ದು ಬಂಡೆಯಲ್ಲಿ ಅಲ್ಲ, ಸಬರಗಮುವ ಪ್ರಾಂತ್ಯದ ಬಲಂಗೊಡ ಸಮೀಪದ ಹೊಳೆಯ ಜಲ್ಲಿಯಲ್ಲಿ. ರತ್ನಗಳುಳ್ಳ ಈ ಜಲ್ಲಿಯನ್ನು ಅಲ್ಲಿನವರು ಇಲ್ಲಂ ಎಂದು ಕರೆಯುತ್ತಾರೆ. ಅದನ್ನು ಬುಟ್ಟಿಯಲ್ಲಿ ತುಂಬಿ ನೀರಿನಲ್ಲಿ ತೊಳೆದಾಗ ಹಗುರವಾದ ಮರಳು ಕೊಚ್ಚಿಹೋಗಿ, ತೂಕದ ಕಲ್ಲುಗಳು ತಳದಲ್ಲಿ ನಿಲ್ಲುತ್ತವೆ. ಹಾಗೆ ನಿಂತ ಕಲ್ಲುಗಳ ನಡುವೆ ದಾಳದ ಆಕಾರದ ಸಣ್ಣ ಕಪ್ಪು ಹರಳುಗಳು ಕಾಣಿಸಿಕೊಂಡವು. ರತ್ನದ ವ್ಯಾಪಾರಿಗೆ ಅವುಗಳಿಂದ ಪ್ರಯೋಜನವಿರಲಿಲ್ಲ. ಮೊದಲಿಗೆ ಅವುಗಳನ್ನು ಯುರೇನಿಯಂ ಅದಿರಾದ ಯುರೇನಿನೈಟ್ ಎಂದೇ ಭಾವಿಸಲಾಯಿತು. ಲಂಡನ್ನಿನ ಇಂಪೀರಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಪ್ರೊ. ವಿಂಡಮ್ ಡನ್‌ಸ್ಟನ್ ಅವರು ವಿಶ್ಲೇಷಿಸಿದಾಗ ಹರಳಿನ ಸುಮಾರು ಮುಕ್ಕಾಲು ಪಾಲು ಥೋರಿಯಂ ಆಕ್ಸೈಡ್ ಎಂಬುದು ತಿಳಿಯಿತು. ಶೇ. 10ಕ್ಕೂ ಮಿಕ್ಕಿದ ಯುರೇನಿಯಂ ಆಕ್ಸೈಡ್, ಜೊತೆಗೆ ಸೀಸ ಹಾಗೂ ಸೀರಿಯಂ ಅಂಶಗಳೂ ಇದ್ದವು. ಹೊಸ ಖನಿಜಕ್ಕೆ ಥೋರಿಯನೈಟ್ ಎಂಬ ಹೆಸರಿಟ್ಟವರು ಡನ್‌ಸ್ಟನ್ ಅವರೇ.

ಥೋರಿಯನೈಟ್ ಘನಾಕೃತಿಯ ಹರಳು. ಎರಡು ಘನಗಳು ಒಂದರೊಳಗೊಂದು ಹೊಕ್ಕಂತಿರುವ ಅವಳಿ ಹರಳುಗಳೂ ಸಾಮಾನ್ಯ. ಬಣ್ಣ ಕಪ್ಪು ಅಥವಾ ಕಡುಗಂದು. ಕಾಠಿಣ್ಯ ಮೋಸ್ ಮಾಪಕದಲ್ಲಿ 6.5ರಿಂದ 7, ಅಂದರೆ ಹೆಚ್ಚುಕಡಿಮೆ ಬೆಣಚುಕಲ್ಲಿನಷ್ಟು. ಆದರೆ ಬೆಣಚುಕಲ್ಲಿನ ಸಾಪೇಕ್ಷ ಸಾಂದ್ರತೆ 2.65 ಇದ್ದರೆ ಇದರದು 9.7ರ ಆಸುಪಾಸು. ಅಂಗೈಯಲ್ಲಿಟ್ಟು ತೂಗಿ ನೋಡಿದರೇ ವ್ಯತ್ಯಾಸ ತಿಳಿಯುವಂತಹುದು. ಶುದ್ಧ ಥೋರಿಯಂ ಆಕ್ಸೈಡ್ ಕರಗುವುದು 3,300 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ. ಬೇರಾವ ಆಕ್ಸೈಡಿಗೂ ಇಷ್ಟು ಉಷ್ಣತೆ ಬೇಕಾಗದು. ಈ ಖನಿಜವು ತೀವ್ರ ವಿಕಿರಣಶೀಲವಾದುದರಿಂದ ಮಾದರಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಸೂಕ್ತವಲ್ಲ.

ಆ ಕಾಲಕ್ಕೆ ಗ್ಯಾಸ್ ದೀಪಗಳ ಮ್ಯಾಂಟಲ್ ತಯಾರಿಕೆಗೆ ಥೋರಿಯಂ ಆಕ್ಸೈಡ್ ಅತ್ಯಗತ್ಯವಾಗಿತ್ತು. ಹೀಗಾಗಿ ಬಲಂಗೊಡದ ಕಪ್ಪು ಹರಳಿಗೆ ಒಮ್ಮೆಲೇ ಬೇಡಿಕೆ ಹುಟ್ಟಿತು. ದೊರೆಯುತ್ತಿದ್ದ ಪ್ರಮಾಣ ಮಾತ್ರ ಅತ್ಯಲ್ಪ. 1909ರಲ್ಲಿ ತಿರುವಾಂಕೂರಿನ ಕಡಲತೀರದ ಮರಳಿನಲ್ಲಿ ಮೊನಜೈಟ್ ಪತ್ತೆಯಾದ ಮೇಲೆ ಉದ್ಯಮದ ಗಮನ ಅತ್ತ ಹರಿಯಿತು.

ವಿಜ್ಞಾನಿಗಳ ಆಸಕ್ತಿ ಕುಂದಲಿಲ್ಲ. ಸರ್ ವಿಲಿಯಂ ರಾಮ್ಸೆ ಅವರ ಲಂಡನ್ ಪ್ರಯೋಗಾಲಯದಲ್ಲಿ ತರುಣ ರಸಾಯನ ವಿಜ್ಞಾನಿ ಆಟೊ ಹಾನ್ ಅವರು ಸಿಂಹಳದ ಥೋರಿಯನೈಟ್‌ನಿಂದ ಬಂದ ಲವಣವನ್ನು ಪರೀಕ್ಷಿಸುತ್ತ 1905ರಲ್ಲಿ ರೇಡಿಯೊಥೋರಿಯಂ ಅನ್ನು ಕಂಡುಹಿಡಿದರು. ಮುಂದೆ ಪರಮಾಣು ವಿದಳನದ ಶೋಧಕ್ಕಾಗಿ ನೊಬೆಲ್ ಪ್ರಶಸ್ತಿ ಪಡೆದ ಹಾನ್ ಅವರ ವಿಕಿರಣ ಸಂಶೋಧನೆಯ ಮೊದಲ ಹೆಜ್ಜೆ ಇದು. 1910ರಲ್ಲಿ ಆರ್. ಜೆ. ಸ್ಟ್ರಟ್ ಅವರು ಥೋರಿಯನೈಟ್‌ನಲ್ಲಿ ಹೀಲಿಯಂ ಉತ್ಪತ್ತಿಯಾಗುವ ವೇಗವನ್ನು ಅಳೆದು, ಹರಳಿನಲ್ಲಿ ಸಂಗ್ರಹವಾಗಿದ್ದ ಹೀಲಿಯಂ ಪ್ರಮಾಣದಿಂದ ಅದರ ಕನಿಷ್ಠ ವಯಸ್ಸನ್ನು ಲೆಕ್ಕ ಹಾಕಿದರು. ಭೂಮಿಗೆ ಎರಡರಿಂದ ನಾಲ್ಕು ಕೋಟಿ ವರ್ಷ ವಯಸ್ಸೆಂದು ಲಾರ್ಡ್ ಕೆಲ್ವಿನ್ ಅವರು 1897ರಲ್ಲಿ ಹೇಳಿದ್ದರು. ಈ ಒಂದು ಹರಳಿನ ವಯಸ್ಸೇ ಅದನ್ನು ಎಷ್ಟೋ ಪಾಲು ಮೀರಿತ್ತು.

ಸಮೀಕ್ಷೆಯಿಂದ ಕಲೆಯ ಕಡೆಗೆ

ಕುಮಾರಸ್ವಾಮಿ ಅವರ ಭೂವೈಜ್ಞಾನಿಕ ಸಂಶೋಧನೆಗಳಿಗೆ ಲಂಡನ್ ವಿಶ್ವವಿದ್ಯಾಲಯವು ಡಿ.ಎಸ್‌ಸಿ. ಪದವಿ ನೀಡಿತು. ಪ್ರಯರ್ ಅವರೊಡನೆ ಸೆರೆಂಡಿಬೈಟ್ ಎಂಬ ಮತ್ತೊಂದು ಹೊಸ ಖನಿಜವನ್ನೂ ಅವರು ವರ್ಣಿಸಿದ್ದರು. ಇದೇ ಹಾದಿಯಲ್ಲಿ ಮುಂದುವರಿದಿದ್ದರೆ ಖನಿಜ ವಿಜ್ಞಾನದಲ್ಲಿ ಅವರಿಗೆ ಉನ್ನತ ಸ್ಥಾನ ನಿಶ್ಚಿತವಾಗಿತ್ತು.

ಆದರೆ ಸಮೀಕ್ಷೆಯ ಪ್ರವಾಸಗಳಲ್ಲಿ ಅವರು ಕಂಡದ್ದು ಶಿಲೆಗಳನ್ನಷ್ಟೇ ಅಲ್ಲ. ಪತ್ನಿ ಎಥೆಲ್ ಅವರೊಡನೆ ಹಳ್ಳಿಯಿಂದ ಹಳ್ಳಿಗೆ ಸಾಗುವಾಗ ನೇಕಾರರು, ಕಮ್ಮಾರರು, ಅಕ್ಕಸಾಲಿಗರು, ಚಿತ್ರಕಾರರು ಕಸುಬು ಕಳೆದುಕೊಳ್ಳುತ್ತಿದ್ದುದನ್ನೂ, ಹಳೆಯ ವಿಹಾರಗಳು ಹಾಳಾಗುತ್ತಿದ್ದುದನ್ನೂ ಅವರು ಗಮನಿಸಿದರು. ಕುಲಕಸುಬಿನ ಜ್ಞಾನವು ಒಮ್ಮೆ ಕೈತಪ್ಪಿದರೆ ಅದನ್ನು ಅಗೆದು ತೆಗೆಯಲು ಸಾಧ್ಯವಿಲ್ಲವೆಂಬುದು ಅವರಿಗೆ ಮನವರಿಕೆಯಾಗಿರಬೇಕು. 1905ರಲ್ಲಿ ಕ್ಯಾಂಡಿಯ ನಾಯಕರಿಗೆ ಈ ಕುರಿತು ಬಹಿರಂಗ ಪತ್ರ ಬರೆದರು. 1906ರಲ್ಲಿ ಸಿಂಹಳ ಸಮಾಜ ಸುಧಾರಣಾ ಸಂಘವನ್ನು ಕಟ್ಟಿದರು. ಅದೇ ವರ್ಷಾಂತ್ಯದ ವೇಳೆಗೆ ಸರ್ಕಾರಿ ಹುದ್ದೆಯನ್ನು ತೊರೆದರು.

ಸಮೀಕ್ಷೆಯ ಶಿಸ್ತು ಅವರೊಡನೆಯೇ ಉಳಿಯಿತು. 1908ರಲ್ಲಿ ಹೊರಬಂದ ಮಧ್ಯಯುಗದ ಸಿಂಹಳ ಕಲೆಯನ್ನು ಕುರಿತ ಗ್ರಂಥದಲ್ಲಿ ಕಸುಬುದಾರರ ಉಪಕರಣ, ಬಣ್ಣ, ಲೋಹ, ಅಳತೆಗಳ ವಿವರಗಳು ಖನಿಜ ವರದಿಯಷ್ಟೇ ಕಟ್ಟುನಿಟ್ಟಾಗಿವೆ. ವಿಲಿಯಂ ಮಾರಿಸ್ ಅವರು ಬಳಸುತ್ತಿದ್ದ ಕೈಯಚ್ಚಿನ ಯಂತ್ರದಲ್ಲಿ ಅದರ 425 ಪ್ರತಿಗಳನ್ನು ಮುದ್ರಿಸಲಾಯಿತು. ಅನಂತರ ಅವರು ಭಾರತದಲ್ಲಿ ಸಂಚರಿಸಿ ರಜಪೂತ ಚಿತ್ರಗಳನ್ನು ಸಂಗ್ರಹಿಸಿದರು. ತಮ್ಮ ಸಂಗ್ರಹವನ್ನು ಭಾರತದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಡಲು ಮುಂದಾದರೂ ಅಗತ್ಯ ಬೆಂಬಲ ದೊರೆಯಲಿಲ್ಲ. ಭಾರತವು ಪರಾಧೀನವಾಗಿರುವಾಗ ಬ್ರಿಟನ್ನಿನ ಪರ ಯುದ್ಧಸೇವೆ ಮಾಡಲು ಒಪ್ಪದ ಅವರು 1917ರಲ್ಲಿ ಅಮೆರಿಕದ ಬಾಸ್ಟನ್ ಕಲಾ ಸಂಗ್ರಹಾಲಯವನ್ನು ಸೇರಿದರು. ಸಂಗ್ರಹವೂ ಅಲ್ಲಿಗೇ ಹೋಯಿತು. ಇದು ನಮ್ಮ ದೇಶಕ್ಕೆ ಆದ ನಷ್ಟವೆಂದೇ ಹೇಳಬೇಕು. 1927ರಲ್ಲಿ ಪ್ರಕಟವಾದ ಭಾರತೀಯ ಮತ್ತು ಇಂಡೋನೇಷಿಯನ್ ಕಲೆಯ ಇತಿಹಾಸದಲ್ಲಿ ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲಿನ ಗುಡಿಗಳಿಗೂ, ಬಳಪದ ಕಲ್ಲಿನಲ್ಲಿ ಕಡೆದ ಹೊಯ್ಸಳ ದೇವಾಲಯಗಳಿಗೂ ಅವರು ಸ್ಥಾನ ನೀಡಿದ್ದಾರೆ.

1947ರ ಆಗಸ್ಟ್‌ನಲ್ಲಿ, ಎಪ್ಪತ್ತನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ, ನಿವೃತ್ತರಾಗಿ ಭಾರತಕ್ಕೆ ಮರಳುವ ಇಂಗಿತವನ್ನು ಅವರು ಮಿತ್ರರ ಮುಂದೆ ವ್ಯಕ್ತಪಡಿಸಿದರು. ಅದು ಕೈಗೂಡಲಿಲ್ಲ. ಭಾರತ ಸ್ವತಂತ್ರವಾದ ಮೂರು ವಾರಗಳ ತರುವಾಯ, ಸೆಪ್ಟೆಂಬರ್ 9ರಂದು, ಬಾಸ್ಟನ್ ಸಮೀಪದ ನೀಡಮ್‌ನಲ್ಲಿ ನಿಧನರಾದರು.